ಲಂಡನ್ನಿನಲ್ಲಿ ಹಳೆಯ ರಾಕ್ ಎಲ್‌ಪಿ: ಅಂಗಡಿ ಸುತ್ತುವುದು, ತಟ್ಟೆ ಓದುವುದು

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಗ್ರಾಮಫೋನಿನ ಕೊಳವೆಗೆ ಕಿವಿಯಿಟ್ಟು ಕೂತ ನಾಯಿಯ ಚಿತ್ರ ನಮ್ಮ ಹಳೆಯ ತಲೆಮಾರಿನವರಿಗೆಲ್ಲ ಗೊತ್ತು. ನಾಟಕದ ಹಾಡಿರಲಿ, ದೇವರನಾಮವಿರಲಿ, ತಟ್ಟೆಯ ನಡುವೆ ಅದು ಕೂತಿರುತ್ತಿತ್ತು. ಆ ಎಚ್‌ಎಂವಿಯ ಮೂಲ ಅಂಗಡಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ 363ನೇ ನಂಬರಿನಲ್ಲಿದೆ. 1921ರಲ್ಲಿ ಸಂಗೀತ ಸಂಯೋಜಕ ಎಡ್ವರ್ಡ್ ಎಲ್ಗರ್ ಉದ್ಘಾಟಿಸಿದ ಜಾಗ ಅದು. 2019ರಲ್ಲಿ ಮುಚ್ಚಿತ್ತು, 2023ರ ಕೊನೆಗೆ ಮತ್ತೆ ತೆರೆಯಿತು. 1962ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡದ ಮ್ಯಾನೇಜರ್ ಬ್ರಯನ್ ಎಪ್‌ಸ್ಟೈನ್ ಟೇಪು ಹಿಡಿದು ಬಂದದ್ದು ಇಲ್ಲಿಗೇ. ಟೇಪನ್ನು ಡಿಸ್ಕಿಗೆ ಇಳಿಸಿಕೊಡುವ ಸಣ್ಣ ಕೋಣೆಯೊಂದು ಆ ಅಂಗಡಿಯಲ್ಲಿತ್ತು. ಕೆತ್ತುತ್ತಿದ್ದ ತಂತ್ರಜ್ಞನಿಗೆ ಹಾಡು ಹಿಡಿಸಿತು, ಅದೇ ಕಟ್ಟಡದಲ್ಲಿದ್ದ ಸಂಗೀತ ಪ್ರಕಾಶನದ ಕಚೇರಿಗೆ ಹೇಳಿದ, ಅಲ್ಲಿಂದ ಮಾತು ಪಾರ್ಲೊಫೋನ್ ಎಂಬ ರೆಕಾರ್ಡ್ ಲೇಬಲ್ಲಿನ ಜಾರ್ಜ್ ಮಾರ್ಟಿನ್‌ವರೆಗೆ ಹೋಯಿತು, ಮುಂದೆ ಬೀಟಲ್ಸ್ ಹಾಡುಗಳನ್ನು ರೆಕಾರ್ಡ್ ಮಾಡಿಸಿದವರು ಅವರೇ. ಮುಂದಿನದು ಎಲ್ಲರಿಗೂ ತಿಳಿದದ್ದೇ.

ಇವತ್ತಿನ ಮಾತು ಡಿಸ್ಕಿನ ಬಗ್ಗೆ, ಎಲ್‌ಪಿ ಅನ್ನುವ ದೊಡ್ಡ ತಟ್ಟೆಯ ಬಗ್ಗೆ. ಹಾಡಿನ ಬಗ್ಗೆ ಬೇಕಾದಷ್ಟು ಜನ ಮಾತಾಡುತ್ತಾರೆ. ಹಳೆಯ ರೆಕಾರ್ಡ್ ಅಂಗಡಿಯಲ್ಲಿ ಮಾರಾಟಕ್ಕಿರುವುದು ಆಲ್ಬಮ್ ಅಲ್ಲ, ಆ ಆಲ್ಬಮ್ಮಿನ ಯಾವುದೋ ಒಂದು ಪ್ರತಿ. ಒಂದೇ ಹೆಸರು, ಒಂದೇ ಕವರ್ ಇರುವ ಎರಡು ತಟ್ಟೆಗಳಲ್ಲಿ ಒಂದಕ್ಕೆ ಹತ್ತು ಪೌಂಡ್, ಇನ್ನೊಂದಕ್ಕೆ ನೂರಾರು ಪೌಂಡ್ ಇರುತ್ತದೆ. ಬೆಲೆ ಹೆಚ್ಚಿದ್ದೇ ಚೆನ್ನಾಗಿ ಕೇಳಿಸುತ್ತದೆ ಅಂತಲೂ ಇಲ್ಲ. ವ್ಯತ್ಯಾಸ ಎಲ್ಲಿದೆ ಅಂತ ತಟ್ಟೆಯೇ ಹೇಳುತ್ತದೆ, ಓದಲು ಬರಬೇಕು ಅಷ್ಟೆ.

ಮೊದಲು ದಾರಿ. ಒಂದು ದಿನ ಕೈಯಲ್ಲಿದ್ದರೆ ನಗರದ ನಡುವಿನ ಸೋಹೊ ಬಡಾವಣೆ ಸಾಕು. ಆಕ್ಸ್‌ಫರ್ಡ್ ಸರ್ಕಸ್ ನಿಲ್ದಾಣದಲ್ಲಿ ಇಳಿದು ರೀಜೆಂಟ್ ಸ್ಟ್ರೀಟ್ ಹಿಡಿದು ಕೆಳಗೆ ಬಂದರೆ ಬಲಕ್ಕೆ ಹೆಡನ್ ಸ್ಟ್ರೀಟ್ ಎಂಬ ಓಣಿ. ರಾಕ್ ಗಾಯಕ ಡೇವಿಡ್ ಬೋವಿಯ 'ಜಿಗ್ಗಿ ಸ್ಟಾರ್‌ಡಸ್ಟ್' ಆಲ್ಬಮ್ಮಿನ ಕವರಿನ ಫೋಟೊ ತೆಗೆದದ್ದು ಇಲ್ಲಿ, 1972ರ ಜನವರಿಯಲ್ಲಿ. ಈಗ ಗೋಡೆಯಲ್ಲಿ ಫಲಕ ಇದೆ, ಸುತ್ತ ಹೋಟೆಲುಗಳು. ಅಲ್ಲಿಂದ ರಸ್ತೆ ದಾಟಿ ಬೀಕ್ ಸ್ಟ್ರೀಟ್ ಹೊಕ್ಕು ಮಾರ್ಷಲ್ ಸ್ಟ್ರೀಟಿಗೆ ತಿರುಗಿದರೆ ರಾಕ್ ಗಾಯಕ ಜ್ಯಾಕ್ ವೈಟ್‌ನ ಅಂಗಡಿ ಥರ್ಡ್ ಮ್ಯಾನ್ ರೆಕಾರ್ಡ್ಸ್, 2021ರಲ್ಲಿ ತೆರೆದದ್ದು. ಹಳದಿ ಕಪ್ಪು ಅಲಂಕಾರ ನೋಡಲು ಚೆಂದ, ಆದರೆ ಹೊಸ ಮಾಲು, ಅದೂ ಹೆಚ್ಚಾಗಿ ಅವರದೇ ಲೇಬಲ್ಲಿನದು. ಹಳೆಯದನ್ನು ಹುಡುಕುವವರಿಗೆ ಹತ್ತು ನಿಮಿಷದ ಕೆಲಸ. ಮುಂದೆ ಬ್ರಾಡ್‌ವಿಕ್ ಸ್ಟ್ರೀಟ್. ಕಾಲರಾ ನೀರಿನಿಂದ ಹರಡುತ್ತದೆ ಅಂತ 1854ರಲ್ಲಿ ಜಾನ್ ಸ್ನೋ ತೋರಿಸಿಕೊಟ್ಟ ಬಾವಿ ಪಂಪು ಇದೇ ಬೀದಿಯದು. ನಮ್ಮ ವಿಷಯಕ್ಕೆ ಸಂಬಂಧ ಇಲ್ಲ, ಆದರೂ ನಿಂತು ನೋಡಿ ಹೋಗಿ. ಇದೇ ಬೀದಿಯ ಸೌಂಡ್ಸ್ ಆಫ್ ದ ಯೂನಿವರ್ಸ್ ರೆಗ್ಗೆ, ಜಾಜ್, ಸೋಲ್ ಕಡೆಯದು. ಹತ್ತಿರದ ಪೋಲೆಂಡ್ ಸ್ಟ್ರೀಟಿನ ಫೋನಿಕಾ ಕುಣಿತದ ಸಂಗೀತದ್ದು. ರಾಕ್ ಬೇಕಾದವರು ಎರಡನ್ನೂ ದಾಟಿ ಬರ್ವಿಕ್ ಸ್ಟ್ರೀಟಿಗೆ ಬರಬೇಕು.

ಬರ್ವಿಕ್ ಸ್ಟ್ರೀಟೇ ಇದರ ಪೇಟೆ. ಬೀದಿಯ ಒಂದು ಭಾಗದಲ್ಲಿ ತಿಂಡಿಗಾಡಿಗಳ ಸಂತೆ, ಇಕ್ಕೆಲದಲ್ಲಿ ಬಟ್ಟೆ ಅಂಗಡಿ, ನಡುವೆ ರೆಕ್‌ಲೆಸ್ ರೆಕಾರ್ಡ್ಸ್ ಮತ್ತು ಸಿಸ್ಟರ್ ರೇ. ಒಂದು ಕಾಲಕ್ಕೆ ಇಲ್ಲಿ ಇಂಥ ಅಂಗಡಿಗಳು ಸಾಲುಸಾಲಾಗಿದ್ದವು. ಓಯಸಿಸ್ ತಂಡದ 1995ರ 'ಮಾರ್ನಿಂಗ್ ಗ್ಲೋರಿ' ಕವರಿನಲ್ಲಿ ಇಬ್ಬರು ಎದುರುಬದುರಾಗಿ ನಡೆದು ಬರುವ ಬೀದಿ ಇದೇ. ರೆಕ್‌ಲೆಸ್‌ನಲ್ಲಿ ಹಳೆಯ ಮಾಲು ಜಾಸ್ತಿ, ಸಿಸ್ಟರ್ ರೇಯಲ್ಲಿ ಹೊಸದೂ ಹಳೆಯದೂ ಸೇರಿದೆ.

ಮೊದಲ ಸಲ ಹೋದವರು ತಬ್ಬಿಬ್ಬಾಗುವ ಸಂಗತಿಯೊಂದಿದೆ. ಹಳೆಯ ಎಲ್‌ಪಿಗಳ ಡಬ್ಬಿಯಲ್ಲಿ ಬಹುಮಟ್ಟಿಗೆ ಬರೀ ಖಾಲಿ ಕವರ್ ಇರುತ್ತದೆ. ಕಳ್ಳತನದ ಭಯಕ್ಕೆ ತಟ್ಟೆ ಕೌಂಟರಿನ ಹಿಂದೆ ಇಟ್ಟಿರುತ್ತಾರೆ. ಬೇಕಾದ ನಾಲ್ಕೈದು ಕವರ್ ಆರಿಸಿ ಒಟ್ಟಿಗೆ ಒಯ್ದು ತಟ್ಟೆ ತೋರಿಸಿ ಅಂತ ಕೇಳಬೇಕು. ಒಂದೊಂದಕ್ಕೂ ಓಡಿದರೆ ಅವರಿಗೂ ಬೇಸರ, ನಿಮಗೂ ಹೊತ್ತು ಹಾಳು. ಅನುಮಾನ ಇದ್ದರೆ ಅಲ್ಲಿಯೇ ಹಾಕಿ ಕೇಳಬಹುದೇ ಅಂತ ಕೇಳಿ. ಬೆಲೆ ಹೆಚ್ಚಿನದಕ್ಕೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಈಗ ತಟ್ಟೆ ನಿಮ್ಮ ಕೈಯಲ್ಲಿದೆ ಅನ್ನಿ. ಅಂಗೈಗಳ ನಡುವೆ ಅಂಚಿನಲ್ಲಿ ಹಿಡಿಯಿರಿ, ಹಾಡು ಕೆತ್ತಿದ ಗೆರೆಗಳಿಗೆ ಬೆರಳು ತಾಗಬಾರದು. ಟ್ಯೂಬ್‌ಲೈಟಿನ ಬೆಳಕು ಉಪಯೋಗಕ್ಕಿಲ್ಲ, ಎಲ್ಲ ಕಡೆಯಿಂದ ಬಿದ್ದು ಗೀರನ್ನು ಮುಚ್ಚಿಬಿಡುತ್ತದೆ. ಒಂದೇ ಬಲ್ಬು, ಇಲ್ಲವೇ ಮೊಬೈಲಿನ ಟಾರ್ಚು, ಅದರ ಕೆಳಗೆ ತಟ್ಟೆಯನ್ನು ಓರೆ ಮಾಡಿ ನಿಧಾನ ತಿರುಗಿಸಿ. ಕೂದಲೆಳೆಯಂಥ ಗೀರು ಕಂಡರೆ ಹೆದರಬೇಡಿ. ಅದು ಕವರಿನ ಕಾಗದ ಉಜ್ಜಿದ್ದು, ಸಾಮಾನ್ಯವಾಗಿ ಕೇಳಿಸುವುದಿಲ್ಲ. ಮೇಲೆ ಉಗುರು ಆಡಿಸಿದರೆ ತಡೆಯುವಂತಿದ್ದರೆ ಕೇಳಿಸುತ್ತದೆ. (ಉಗುರು ಆಡಿಸುವ ಮೊದಲು ಅಂಗಡಿಯವರ ಮುಖ ನೋಡಿ.) ಗೀರು ಯಾವ ದಿಕ್ಕಿಗಿದೆ ಅನ್ನುವುದು ಮುಖ್ಯ. ನಡುವಿನಿಂದ ಅಂಚಿಗೆ ಅಡ್ಡ ಹೋಗಿದ್ದರೆ ಪ್ರತಿ ಸುತ್ತಿಗೊಂದು ಟಿಕ್. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯಲ್ಲಿ ಅದು 1.8 ಸೆಕೆಂಡಿಗೊಮ್ಮೆ ಬರುತ್ತದೆ, ಸಹಿಸಬಹುದು. ಗೆರೆಗಳ ಜೊತೆಗೇ ಓರೆಯಾಗಿ ಸಾಗಿದ ಗೀರು ಅಪಾಯದ್ದು. ಮುಳ್ಳು ದಾರಿ ತಪ್ಪಿ ಮುಂದೆ ಜಿಗಿಯುತ್ತದೆ ಅಥವಾ ಅಲ್ಲೇ ಸುತ್ತುತ್ತ ನಿಲ್ಲುತ್ತದೆ.

ಗೀರಿಗಿಂತ ಕೆಟ್ಟದ್ದು ಸವೆತ. ಗೀರು ಕಣ್ಣಿಗೆ ಬೀಳುತ್ತದೆ, ಸವೆತ ಬೀಳುವುದಿಲ್ಲ. 60–70ರ ದಶಕದ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಿಡಿದ ತೋಳು ಭಾರ, ಮುಳ್ಳು ಸವೆದು ಉಳಿಯಾಗಿರುತ್ತಿತ್ತು. ಅಂಥದರಲ್ಲಿ ನೂರಾರು ಸಲ ಓಡಿದ ತಟ್ಟೆಯಲ್ಲಿ ಒಂದೂ ಗೀರಿಲ್ಲದೆ ಇರಬಹುದು, ಆದರೆ ಜೋರು ಗಿಟಾರ್ ಬಂದ ಕಡೆ ಕರಕರ ಅನ್ನುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಗುರುತು ಎರಡು: ಜೋರಾದ ಭಾಗಗಳಲ್ಲಿ ಕಪ್ಪು ಹೊಳಪು ಹೋಗಿ ಬೂದು ಬಣ್ಣ ಬಂದಿರುತ್ತದೆ, ಲೇಬಲ್ಲಿನ ನಡುತೂತಿನ ಸುತ್ತ, ಕಣ್ಣುಮುಚ್ಚಿ ಪ್ಲೇಯರಿನ ನಡುಗಡ್ಡಿಗೆ ಸಿಕ್ಕಿಸಲು ಹೋಗಿ ಎಳೆದ ಸಣ್ಣ ಗೆರೆಗಳು ತುಂಬಿರುತ್ತವೆ. ತಟ್ಟೆ ಹೊಳೆಯುತ್ತಿದ್ದು ತೂತಿನ ಸುತ್ತ ಗೆರೆಗಳ ಬಲೆ ಇದ್ದರೆ ಕೇಳದೆ ಕೊಳ್ಳಬೇಡಿ.

ಆಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚು ನೋಡಿ. ಇಡೀ ತಟ್ಟೆ ಬಸಿಯಂತೆ ತುಸು ಬಾಗಿದ್ದರೆ ಓಡುತ್ತದೆ. ಅಂಚು ಒಂದೇ ಕಡೆ ಚೂಪಾಗಿ ಎದ್ದಿದ್ದರೆ ಮುಳ್ಳು ಹಾರುತ್ತದೆ, ಬಿಟ್ಟುಬಿಡಿ. ನಡುತೂತು ಸರಿಯಾಗಿ ನಡುವಿನಲ್ಲಿ ಇಲ್ಲದಿರುವುದೂ ಉಂಟು. ಆಗ ಶ್ರುತಿ ಪ್ರತಿ ಸುತ್ತಿಗೂ ಏರಿಳಿಯುತ್ತದೆ. ಡ್ರಮ್ಮಿನಲ್ಲಿ ಗೊತ್ತಾಗುವುದಿಲ್ಲ, ಪಿಯಾನೊ ಎಳೆದು ನಿಂತಾಗ ಗೊತ್ತಾಗುತ್ತದೆ. ಶ್ರುತಿಪೆಟ್ಟಿಗೆ ಕೇಳಿ ಬೆಳೆದ ಕಿವಿಗೆ ಇದು ತಡೆಯಲಾಗದ ಹಿಂಸೆ. ಹೊಸ ಬಣ್ಣದ ಎಲ್‌ಪಿಗಳಲ್ಲಿ ಇನ್ನೊಂದು ರೋಗ: ಒತ್ತುವಾಗ ಬಿಸಿ ಸಾಲದೆ ಪ್ಲಾಸ್ಟಿಕ್ ಗೆರೆಯ ತಳದವರೆಗೆ ತುಂಬಿಲ್ಲದಿದ್ದರೆ ಬಟ್ಟೆ ಹರಿದಂಥ ಸದ್ದು ಬರುತ್ತದೆ. ಅದು ಕೊಳೆ ಅಲ್ಲ, ತೊಳೆಯುತ್ತ ಕೂರಬೇಡಿ, ವಾಪಸ್ ಕೊಡಿ. 180 ಗ್ರಾಂ ತೂಕ ಅಂತ ಸ್ಟಿಕರ್ ಹಚ್ಚಿ ಹೆಚ್ಚು ದುಡ್ಡು ಕೇಳುವುದಕ್ಕೂ ಮಾರುಹೋಗಬೇಡಿ. ತೂಕಕ್ಕೂ ಗೆರೆಯ ಆಳಕ್ಕೂ ಸಂಬಂಧ ಇಲ್ಲ. 120–140 ಗ್ರಾಮಿನ ಹಳೆಯ ತಟ್ಟೆ ಅದಕ್ಕಿಂತ ಚೆನ್ನಾಗಿ ಹಾಡುವುದು ಸಾಮಾನ್ಯ.

ದರ್ಜೆಯ ಅಕ್ಷರಗಳಲ್ಲೂ ಎಚ್ಚರ ಬೇಕು. ಬ್ರಿಟನ್ನಿನಲ್ಲಿ ಮಿಂಟ್, ಎಕ್ಸಲೆಂಟ್, ವೆರಿ ಗುಡ್, ಗುಡ್ ಅಂತ ಇಳಿಯುತ್ತದೆ. ಅಮೆರಿಕದವರು ನಡುವೆ ನಿಯರ್ ಮಿಂಟ್, ವೆರಿ ಗುಡ್ ಪ್ಲಸ್ ಸೇರಿಸುತ್ತಾರೆ. ಬ್ರಿಟನ್ನಿನ ಎಕ್ಸಲೆಂಟ್ ಹೆಚ್ಚುಕಡಿಮೆ ಅಮೆರಿಕದ ವೆರಿ ಗುಡ್ ಪ್ಲಸ್. ಇಬ್ಬರ ಗುಡ್ ಕೂಡ ಮನೆಗೆ ತರುವಂಥದ್ದಲ್ಲ. ತಟ್ಟೆಗೊಂದು, ಕವರಿಗೊಂದು ದರ್ಜೆ ಬೇರೆಬೇರೆ ಬರೆದಿರುತ್ತಾರೆ. ಕೇಳಲು ಕೊಳ್ಳುವವರಿಗೆ ಕವರ್ ಹರಿದು ತಟ್ಟೆ ಚೆನ್ನಾಗಿರುವುದೇ ಲಾಭದ ವ್ಯಾಪಾರ.

ಇಷ್ಟಾದ ಮೇಲೆ ನಿಜವಾದ ಓದು. ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವೆ ಹಾಡಿಲ್ಲದ ನುಣುಪು ಪಟ್ಟಿ ಇರುತ್ತದೆ. ಡೆಡ್ ವ್ಯಾಕ್ಸ್ ಅಂತಲೋ ರನ್‌ಔಟ್ ಅಂತಲೋ ಕರೆಯುತ್ತಾರೆ. ಅಲ್ಲಿ ಕೆತ್ತಿದ ಅಕ್ಷರ, ಅಂಕಿ ಅರ್ಥವಾಗಬೇಕಾದರೆ ತಟ್ಟೆ ಹುಟ್ಟುವ ಬಗೆ ತಿಳಿದಿರಬೇಕು. ಮೊದಲು ಟೇಪಿನಿಂದ ಲ್ಯಾಕರ್ ಬಳಿದ ಬಿಲ್ಲೆಯ ಮೇಲೆ ಗೆರೆ ಕೆತ್ತುತ್ತಾರೆ. ಅದಕ್ಕೆ ಬೆಳ್ಳಿಯ ಲೇಪ ಕೊಟ್ಟು ವಿದ್ಯುತ್ತಿನಿಂದ ನಿಕ್ಕಲ್ ಕೂರಿಸಿ ಬಿಡಿಸಿದರೆ ಫಾದರ್ ಎಂಬ ಲೋಹದ ಅಚ್ಚು, ಅದರಿಂದ ಮದರ್, ಮದರಿನಿಂದ ಸ್ಟ್ಯಾಂಪರ್. ಪ್ರೆಸ್ಸಿಗೆ ಹೋಗುವುದು ಸ್ಟ್ಯಾಂಪರ್. ಸುಮಾರು ಸಾವಿರ ತಟ್ಟೆ ಒತ್ತುವ ಹೊತ್ತಿಗೆ ಅದು ಸವೆಯುತ್ತದೆ, ಇನ್ನೊಂದು ಹಾಕುತ್ತಾರೆ. ಲ್ಯಾಕರನ್ನೇ ಹೊಸದಾಗಿ ಕೆತ್ತಿದರೆ ಕೆತ್ತಿದವನ ಕಿವಿ, ಯಂತ್ರ, ಮನಸ್ಸು ಎಲ್ಲ ಬದಲಾಗಿರುತ್ತದೆ, ಸದ್ದೂ ಬದಲಾಗುತ್ತದೆ. ಅದಕ್ಕೇ ಕೆತ್ತನೆಯ ಸಂಖ್ಯೆಯೇ ಮುಖ್ಯ, ಸ್ಟ್ಯಾಂಪರ್ ಆಮೇಲೆ.

ಇಎಂಐ ಕಂಪನಿಯ ಹೇಯ್ಸ್ ಕಾರ್ಖಾನೆಯ ತಟ್ಟೆಗಳಲ್ಲಿ ಇದೆಲ್ಲ ಅಚ್ಚುಕಟ್ಟಾಗಿ ಸಿಗುತ್ತದೆ. ಗಡಿಯಾರದ ಮುಖದಂತೆ ಹಿಡಿದರೆ ಆರು ಗಂಟೆಯ ಜಾಗದಲ್ಲಿ ಕೆತ್ತನೆಯ ಸಂಖ್ಯೆ, ಒಂಬತ್ತರಲ್ಲಿ ಮದರಿನ ಅಂಕಿ, ಮೂರರಲ್ಲಿ ಸ್ಟ್ಯಾಂಪರಿನ ಅಕ್ಷರ. ಗ್ರಾಮಫೋನ್ ಲಿಮಿಟೆಡ್ ಎಂಬ ಹೆಸರಿನಿಂದ ಹತ್ತು ಇಂಗ್ಲಿಷ್ ಅಕ್ಷರ ಎತ್ತಿಕೊಂಡು ಅಂಕಿ ಮಾಡಿದ್ದಾರೆ: ಜಿ ಒಂದು, ಆರ್ ಎರಡು, ಎ ಮೂರು, ಎಂ ನಾಲ್ಕು, ಒ ಐದು, ಪಿ ಆರು, ಎಚ್ ಏಳು, ಎಲ್ ಎಂಟು, ಟಿ ಒಂಬತ್ತು, ಡಿ ಸೊನ್ನೆ. ಆರ್‌ಜಿ ಇದ್ದರೆ 21ನೇ ಸ್ಟ್ಯಾಂಪರ್, ಜಿಒ ಇದ್ದರೆ 15. ಎರಡು ಬದಿಯ ಅಕ್ಷರ ಒಂದೇ ಇರಬೇಕೆಂದಿಲ್ಲ, ಎರಡೂ ಬೇರೆಬೇರೆ ಸವೆಯುತ್ತವೆ.

ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದ ಮೂನ್' ಎತ್ತಿಕೊಳ್ಳಿ. 1973ರಲ್ಲಿ ಇಎಂಐ ಕಂಪನಿಯದೇ ಹಾರ್ವೆಸ್ಟ್ ಲೇಬಲ್ಲಿನಲ್ಲಿ ಬಂತು, ಬ್ರಿಟನ್ನಿನ ಕ್ರಮಸಂಖ್ಯೆ ಎಸ್‌ಎಚ್‌ವಿಎಲ್ 804. ಲಂಡನ್ನಿನ ಯಾವ ಅಂಗಡಿಗೆ ಹೋದರೂ ಒಂದಲ್ಲ ಒಂದು ಪ್ರತಿ ಇದ್ದೇ ಇರುತ್ತದೆ. ಕವರ್ ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಕವರ್ ಪಕ್ಕಕ್ಕಿಡಿ. ಲೇಬಲ್ಲಿನ ಮೇಲಿನ ತ್ರಿಕೋನದೊಳಗೆ ಪೂರ್ತಿ ನೀಲಿ ತುಂಬಿದ್ದರೆ ಅದು ಮೊದಲ ಮುದ್ರಣ. ಆಮೇಲಿನವುಗಳಲ್ಲಿ ತ್ರಿಕೋನದ ಗೆರೆ ಮಾತ್ರ ಉಳಿಯಿತು. ನೀಲಿ ತ್ರಿಕೋನ ಕಂಡರೆ ರನ್‌ಔಟಿನಲ್ಲಿ ಎರಡು ಬದಿಯ ಕೆತ್ತನೆಯ ಸಂಖ್ಯೆ ಎ-2, ಬಿ-2 ಇದೆಯಾ ನೋಡಿ. ಅದೂ ಇದ್ದರೆ ಕವರಿನೊಳಗೆ ಕೈಹಾಕಿ: ಎರಡು ಪೋಸ್ಟರು, ಎರಡು ಸ್ಟಿಕರ್ ಇರಬೇಕು. ಪೋಸ್ಟರಿನ ಮೂಲೆಗಳಲ್ಲಿ ಪಿನ್ನಿನ ತೂತು ಇರುವುದು ಸಾಮಾನ್ಯ, ಯಾವನೋ ಹುಡುಗ ಹಾಸ್ಟೆಲ್ ಗೋಡೆಗೆ ಹಚ್ಚಿರುತ್ತಾನೆ. ಸಂಗ್ರಹಕಾರರು ಅದಕ್ಕೆ ಮೂಗು ಮುರಿಯುತ್ತಾರೆ. ನೀವು ಬೆಲೆ ಇಳಿಸಿ ಕೇಳಿ. ನೀಲಿ ತ್ರಿಕೋನ ಬೇಕೇ ಬೇಕೆ ಅಂದರೆ, ನನ್ನ ಮತದಲ್ಲಿ ಬೇಡ. ಗೆರೆ ತ್ರಿಕೋನದ 70ರ ದಶಕದ ಶುಚಿಯಾದ ಪ್ರತಿ ಹತ್ತನೇ ಒಂದು ಬೆಲೆಗೆ ಬರುತ್ತದೆ. ಸವೆದ ಮೊದಲ ಮುದ್ರಣಕ್ಕಿಂತ ಕೇಳಲು ಅದೇ ಮೇಲು.

ಮೊದಲ ಕೆತ್ತನೆಗೇ ಬೆಲೆ ಕೊಡಬೇಕಾದ ಸಂದರ್ಭವೂ ಇದೆ. ಲೆಡ್ ಜೆಪೆಲಿನ್‌ನ ಎರಡನೇ ಆಲ್ಬಮ್ಮನ್ನು 1969ರಲ್ಲಿ ಅಮೆರಿಕದಲ್ಲಿ ಕೆತ್ತಿದ್ದು ಬಾಬ್ ಲುಡ್‌ವಿಗ್. ಬಾಸ್, ಅಂದರೆ ತಗ್ಗಿನ ಸ್ವರಗಳನ್ನು, ಎಷ್ಟು ಗಟ್ಟಿಯಾಗಿ ಕೆತ್ತಿದ್ದರೆಂದರೆ ಅಗ್ಗದ ಪ್ಲೇಯರಿನಲ್ಲಿ ಮುಳ್ಳು ಹಾರುತ್ತಿತ್ತು. ಬಾಸ್ ಬಂದ ಕಡೆ ಗೆರೆ ಅಡ್ಡಡ್ಡ ಅಗಲವಾಗಿ ಓಲಾಡುತ್ತದೆ. ತೋಳು, ಮುಳ್ಳು ಕಳಪೆಯಾಗಿದ್ದರೆ ಹಿಂಬಾಲಿಸಲಾಗುವುದಿಲ್ಲ. ದೂರು ಬಂದದ್ದೇ ಕಂಪನಿ ಬಾಸ್ ತಗ್ಗಿಸಿ ಮತ್ತೆ ಕೆತ್ತಿಸಿತು. ಇವತ್ತು ರನ್‌ಔಟಿನಲ್ಲಿ ರಾಬರ್ಟ್ (ಬಾಬ್) ಲುಡ್‌ವಿಗ್ ಅವರ ಆರ್‌ಎಲ್, ಕೆತ್ತಿದ ಸ್ಟುಡಿಯೊ ಸ್ಟರ್ಲಿಂಗ್ ಸೌಂಡ್‌ನ ಎಸ್‌ಎಸ್ ಎಂಬ ಅಕ್ಷರಗಳಿರುವ ಆ ಮೊದಲ ಕೆತ್ತನೆಗೆ ಜನ ಮುಗಿಬೀಳುತ್ತಾರೆ. ಎರಡು ಬದಿಯಲ್ಲೂ ಇದೆಯೇ ಅಂತ ನೋಡಿಯೇ ದುಡ್ಡು ಎಣಿಸಬೇಕು.

ಅದೇ ತಂಡದ ಮೊದಲ ಆಲ್ಬಮ್ಮಿನ ಬ್ರಿಟಿಷ್ ಪ್ರತಿಯಲ್ಲಿ ಬೆಲೆ ಇರುವುದು ಬಣ್ಣಕ್ಕೆ. ಆರಂಭದ ಕವರುಗಳಲ್ಲಿ ತಂಡದ ಹೆಸರು ವೈಡೂರ್ಯದ ಹಸಿರುನೀಲಿ, ಬೇಗನೇ ಅದು ಕಿತ್ತಳೆಯಾಯಿತು. ಹಾಡು ಅದೇ. ನೀಲಿ ಅಕ್ಷರಕ್ಕೆ ಸುರಿಯುವ ಹಣದಲ್ಲಿ ಒಂದು ಒಳ್ಳೆಯ ಪ್ಲೇಯರೇ ಬರುತ್ತದೆ. ನಕಲಿ ಕವರುಗಳೂ ಇವೆ, ಅಕ್ಷರದ ಅಂಚು ಮಸುಕಾಗಿದ್ದರೆ ಅನುಮಾನಿಸಿ. ಮೂರನೆಯ ಆಲ್ಬಮ್ಮಿನ ಕವರಿನಲ್ಲಿ ತಿರುಗಿಸುವ ಚಕ್ರ ಇದೆ; ನಡುವಿನ ರಿವೆಟ್ ಸಡಿಲವಾಗಿ ಕಾಗದ ಹರಿದಿರುವುದೇ ಹೆಚ್ಚು, ಒಮ್ಮೆ ಮೆಲ್ಲಗೆ ತಿರುಗಿಸಿ ನೋಡಿ.

ಕವರೇ ತಟ್ಟೆಗೆ ಶತ್ರುವಾದದ್ದು ರೋಲಿಂಗ್ ಸ್ಟೋನ್ಸ್‌ನ 'ಸ್ಟಿಕಿ ಫಿಂಗರ್ಸ್'ನಲ್ಲಿ. 1971ರ ಆ ಕವರಿನ ಜೀನ್ಸ್ ಚಿತ್ರಕ್ಕೆ ನಿಜವಾದ ಲೋಹದ ಜಿಪ್ ಕೂರಿಸಿದ್ದರು. ಒಂದರ ಮೇಲೊಂದು ಪೇರಿಸಿ ಸಾಗಿಸಿದಾಗ ಜಿಪ್ಪಿನ ತಲೆ ಪಕ್ಕದ ತಟ್ಟೆಯ ಗೆರೆಗಳ ಮೇಲೆ ಒತ್ತಿ ಗುಳಿ ಬಿತ್ತು. ಜಿಪ್ಪನ್ನು ನಡುವಿನವರೆಗೆ ಇಳಿಸಿ ಸಾಗಿಸುವುದೇ ಕೊನೆಗೆ ಸಿಕ್ಕ ಪರಿಹಾರ: ಗುಳಿ ಬಿದ್ದರೂ ಲೇಬಲ್ಲಿನ ಮೇಲೆ ಬೀಳುತ್ತದೆ. ಕೊಳ್ಳುವಾಗ ಜಿಪ್ ಎಲ್ಲಿದೆ ಅಂತ ನೋಡಿ ತಟ್ಟೆಯ ಅದೇ ಜಾಗಕ್ಕೆ ಬೆಳಕು ಹಿಡಿಯಿರಿ. ಮನೆಯಲ್ಲಿ ಇದರ ಪಕ್ಕ ಬೇರೆ ಎಲ್‌ಪಿ ಇಡುವಾಗ ನಡುವೆ ಒಂದು ರಟ್ಟು.

ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' ಕೊಳ್ಳುವವರು ಎರಡನೇ ಬದಿಯ ಕೊನೆಗೆ ಕಿವಿ ಕೊಡಬೇಕು. 1967ರ ಬ್ರಿಟಿಷ್ ಪ್ರತಿಯಲ್ಲಿ ಕೊನೆಯ ಸುತ್ತುಗೆರೆಯಲ್ಲೂ ಮಾತಿನ ತುಣುಕು ಕೆತ್ತಿದೆ, ಮುಳ್ಳು ಎತ್ತದಿದ್ದರೆ ಸುತ್ತುತ್ತಲೇ ಇರುತ್ತದೆ. ಆ ಕಾಲದ ಅಮೆರಿಕದ ಪ್ರತಿಯಲ್ಲಿ ಅದಿಲ್ಲ. ಕತ್ತರಿಸಿ ಆಡುವ ಮೀಸೆ, ಬಿಲ್ಲೆಗಳ ರಟ್ಟಿನ ಹಾಳೆ ಒಳಗಿರಬೇಕು. ಮಕ್ಕಳಿದ್ದ ಮನೆಯ ಪ್ರತಿಯಲ್ಲಿ ಅದು ಉಳಿದಿರುವುದಿಲ್ಲ.

ಸಭೆಯಿಂದ ಒಂದು ಪ್ರಶ್ನೆ ಬಂತು: ಬದಿಯ ಕೊನೆಯ ಹಾಡು ಯಾಕೆ ಮಂಕಾಗಿ ಕೇಳುತ್ತದೆ? ತಟ್ಟೆ ತಿರುಗುವ ವೇಗ ಒಂದೇ ಆದರೂ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾಯುತ್ತದೆ, ಒಳಗಡೆ ಸುಮಾರು 21 ಮಾತ್ರ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು, ಮೇಲಿನ ಸ್ವರಗಳು ಕೆಡುತ್ತವೆ. ಬದಿಗೆ 22 ನಿಮಿಷ ಮೀರಿದರೆ ಗೆರೆಗಳನ್ನು ಒತ್ತೊತ್ತಾಗಿ ಕೆತ್ತಬೇಕಾಗಿ ಸದ್ದಿನ ಮಟ್ಟವನ್ನೇ ಇಳಿಸುತ್ತಾರೆ. ಸಿಡಿಯ ಕಾಲದ ಉದ್ದದ ಆಲ್ಬಮ್ಮುಗಳು ಎಲ್‌ಪಿಯಲ್ಲಿ ಎರಡು ತಟ್ಟೆಯಾಗುವುದು ಇದಕ್ಕೇ. 'ಮಾರ್ನಿಂಗ್ ಗ್ಲೋರಿ' ಹಾಗೆಯೇ ಬಂತು. 90ರ ದಶಕದಲ್ಲಿ ಎಲ್‌ಪಿ ಕೊಳ್ಳುವವರೇ ಕಡಿಮೆ, ಒತ್ತಿದ್ದೂ ಕಡಿಮೆ, ಹಾಗಾಗಿ ಆ ದಶಕದ ರಾಕ್ ಮೂಲಪ್ರತಿಗಳು 70ರ ದಶಕದವಕ್ಕಿಂತ ದುಬಾರಿ ಆಗುವುದುಂಟು.

ಸೋಹೊದಲ್ಲಿ ಸಿಗದಿದ್ದರೆ ಸೆಂಟ್ರಲ್ ಲೈನ್ ಹತ್ತಿ ಪಶ್ಚಿಮಕ್ಕೆ ನಾಟಿಂಗ್ ಹಿಲ್ ಗೇಟ್. ಅಲ್ಲಿನ ಮ್ಯೂಸಿಕ್ ಅಂಡ್ ವಿಡಿಯೊ ಎಕ್ಸ್‌ಚೇಂಜ್‌ನ ಪದ್ಧತಿ ಮಜವಾಗಿದೆ: ಮಾರಾಟವಾಗದ ಮಾಲಿನ ಬೆಲೆಯನ್ನು ಹಂತಹಂತವಾಗಿ ಇಳಿಸುತ್ತ ಹೋಗುತ್ತಾರೆ, ಚೀಟಿಯ ಮೇಲೆ ಹಳೆಯ ಬೆಲೆ ಹೊಡೆದು ಹೊಸದು ಬರೆದಿರುತ್ತದೆ. ಮೂರು ನಾಲ್ಕು ಸಲ ಹೊಡೆದ ಚೀಟಿ ಕಂಡರೆ ಏನೋ ಕೊರತೆ ಇದೆ ಅಂತಲೇ ಲೆಕ್ಕ, ತಟ್ಟೆ ಚೆನ್ನಾಗಿ ನೋಡಿ. ಅದೇ ರೈಲಿನಲ್ಲಿ ಪೂರ್ವಕ್ಕೆ ಲಿವರ್‌ಪೂಲ್ ಸ್ಟ್ರೀಟಿನಲ್ಲಿ ಇಳಿದು ಬ್ರಿಕ್ ಲೇನ್ ಕಡೆ ನಡೆದರೆ ರಫ್ ಟ್ರೇಡ್ ಈಸ್ಟ್. ಮೂಲ ಅಂಗಡಿಯನ್ನು ಜೆಫ್ ಟ್ರಾವಿಸ್ ತೆರೆದದ್ದು 1976ರಲ್ಲಿ ನಾಟಿಂಗ್ ಹಿಲ್ ಕಡೆ, ಇದು 2007ರದು. ಹೊಸ ತಂಡಗಳ ಹೊಸ ಮಾಲಿಗೆ ಒಳ್ಳೆಯ ಜಾಗ, ಹಳೆಯದಕ್ಕಲ್ಲ. ಏಪ್ರಿಲ್‌ನಲ್ಲಿ ಹೋಗುವವರು ರೆಕಾರ್ಡ್ ಅಂಗಡಿಗಳ ಹಬ್ಬವಾದ ರೆಕಾರ್ಡ್ ಸ್ಟೋರ್ ಡೇ ಯಾವ ಶನಿವಾರ ಅಂತ ನೋಡಿಕೊಳ್ಳಿ. ಆವತ್ತು ಬೆಳಗಿನ ಜಾವದಿಂದಲೇ ಸಾಲು, ನಿಧಾನವಾಗಿ ತಟ್ಟೆ ನೋಡಲು ಬಿಡುವುದಿಲ್ಲ.

ಡಬ್ಬಿಗಳಲ್ಲಿ ಒಮ್ಮೊಮ್ಮೆ ಮೇಡ್ ಇನ್ ಇಂಡಿಯಾ ಎಂದಿರುವ ಬೀಟಲ್ಸ್ ಸಿಗುತ್ತದೆ. ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಗ್ರಾಮಫೋನ್ ಕಂಪನಿ ಒತ್ತಿದ್ದು, ನಮ್ಮ ನಾಯಿ ಗುರುತಿನ ರೆಕಾರ್ಡುಗಳೂ ಅಲ್ಲಿಯವೇ. ಅಪರೂಪಕ್ಕೆಂದು ಕೊಳ್ಳುವವರು ಅಲ್ಲಿದ್ದಾರೆ. ಊರಿನ ಅಟ್ಟದ ಮೇಲಿರುವುದನ್ನು ಗುಜರಿಗೆ ಹಾಕುವ ಮೊದಲು ಲೇಬಲ್, ರನ್‌ಔಟ್ ಓದಿ.

ತರುವುದು, ಇಡುವುದು. ಕವರ್ ಸಮೇತ ಒಂದು ಎಲ್‌ಪಿ ಕಾಲು ಕಿಲೊ ಲೆಕ್ಕ, ಇಪ್ಪತ್ತು ಅಂದರೆ ಐದು ಕಿಲೊ ಆಗುತ್ತದೆ. ಕ್ಯಾಬಿನ್ ಚೀಲದಲ್ಲೇ ತನ್ನಿ. ತಟ್ಟೆಯನ್ನು ಕವರಿನಿಂದ ಹೊರಗೆ ತೆಗೆದು ಒಳಚೀಲದ ಸಮೇತ ಕವರಿನ ಹಿಂದೆ ಇಟ್ಟರೆ, ಕುಲುಕಾಟಕ್ಕೆ ಕವರಿನ ಅಂಚು ಸೀಳುವುದಿಲ್ಲ. ಬೆಂಗಳೂರಿಗೆ ಇಳಿದ ಮೇಲೆ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ತಟ್ಟೆಯ ಪಿವಿಸಿ ಪ್ಲಾಸ್ಟಿಕ್ 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಕಲಬುರ್ಗಿ ರಾಯಚೂರಿನ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುತ್ತದೆ.

ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ಬೂಷ್ಟೇ ದೊಡ್ಡ ಕಾಟ. ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಕಪಾಟು ಇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಹೊರತೆಗೆದು ಗಾಳಿಯಾಡಿಸಿ. ಬೂಷ್ಟು ಬಂದ ಕಾಗದದ ಒಳಚೀಲವನ್ನು ಎಸೆದುಬಿಡಿ, ತಟ್ಟೆಯನ್ನು ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ವಾಸನೆಯಿಲ್ಲದ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಮೆತ್ತನೆಯ ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ತೊಳೆದು, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ತೊಳೆಯಿರಿ. ನಲ್ಲಿ ನೀರು ಬೇಡ, ಸುಣ್ಣ ಗೆರೆಯಲ್ಲಿ ಉಳಿಯುತ್ತದೆ. ಲೇಬಲ್ ಒದ್ದೆಯಾಗಬಾರದು. ಆಲ್ಕೊಹಾಲ್ ಸೇರಿಸುವವರು ಐದನೇ ಒಂದು ಪಾಲು ಮೀರಿಸಬೇಡಿ. ಮನೆಯಲ್ಲಿ ಅಜ್ಜನ ಕಾಲದ 78 ಸುತ್ತಿನ ತಟ್ಟೆಗಳಿದ್ದರೆ ಅವುಗಳ ಹತ್ತಿರ ಆಲ್ಕೊಹಾಲ್ ಸುಳಿಯಲೇ ಬಾರದು. ಅವು ಅರಗಿನವು, ಕರಗಿ ಹೋಗುತ್ತವೆ. ಹೊರಗಿನ ಪ್ಲಾಸ್ಟಿಕ್ ಚೀಲ ಪಾಲಿಥೀನಿನದೇ ಆಗಿರಲಿ. ದಪ್ಪಗೆ, ಗಾಜಿನಂತೆ ಹೊಳೆಯುವ ಪಿವಿಸಿ ಚೀಲ ನಮ್ಮ ಸೆಕೆಗೆ ಬೆವರಿ ತಟ್ಟೆಯ ಮೇಲೆ ಮಂಜಿನಂಥ ಪೊರೆ ಬಿಡುತ್ತದೆ. ಆ ಪೊರೆ ತೊಳೆದರೂ ಹೋಗುವುದಿಲ್ಲ.